ಬಿಸಿಲಿನಲ್ಲಿ ಲಿಥಿಯಂ ಮಾತ್ರೆ

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುತ್ತದೆ. ಆಗ ಮನೆಯಲ್ಲಿ ಲಿಥಿಯಂ ಸೇವಿಸುವವರಿದ್ದರೆ ನಾವು ಹೆಚ್ಚು ಎಚ್ಚರದಿಂದಿರಬೇಕು. ಉನ್ಮಾದ, ಖಿನ್ನತೆಗಳು ಸರದಿಯಂತೆ ಕಾಡುವ ಕಾಯಿಲೆಗೆ ಇದು ಉತ್ತಮ ಔಷಧ. ಆದರೆ ಗುಣ ನೀಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಬೆವರಿನಲ್ಲಿ ನೀರು, ಉಪ್ಪು ಕಳೆದಾಗ ಮೂತ್ರಪಿಂಡಗಳು ಉಪ್ಪಿನೊಡನೆ ಲಿಥಿಯಮನ್ನೂ ಹಿಡಿದಿಡುತ್ತವೆ. ರಕ್ತದೊತ್ತಡಕ್ಕೆ ಕೊಡುವ ಥಯಾಜೈಡ್, ಎನಲಾಪ್ರಿಲ್, ಮೈಕೈ ನೋವಿಗೆ ಅಂಗಡಿಯಿಂದ ತರುವ ಐಬುಪ್ರೊಫೆನ್ ಮಾತ್ರೆಗಳೂ ರಕ್ತದಲ್ಲಿ ಲಿಥಿಯಂ ಏರಿಸುತ್ತವೆ. ರಕ್ತದೊತ್ತಡವಿದೆಯೆಂದು ಒಮ್ಮೆಲೇ ಉಪ್ಪು ಬಿಡಿಸುವುದೂ ಅಪಾಯವೇ. ಒಬ್ಬ ವೈದ್ಯರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸುವ ರೂಢಿ ನಮ್ಮಲ್ಲಿ ಕಡಿಮೆ; ಎರಡನ್ನೂ ಒಂದೇ ಚೀಲದಲ್ಲಿಡೋಣ. ಕೈನಡುಕ ಹೆಚ್ಚಿದರೆ, ವಾಂತಿಭೇದಿ, ತೊದಲು, ತೂರಾಟ ಕಂಡರೆ, ಝಳ ಬಡಿದಿದೆಯೆಂದು ಸುಮ್ಮನಿರದೆ, ಮುಂದಿನ ಲಿಥಿಯಂ ಮಾತ್ರೆ ಕೊಡದೆ, ಆ ಚೀಲದೊಂದಿಗೆ ತಕ್ಷಣ ಆಸ್ಪತ್ರೆಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಬೇಕು.