ಸಿಗ್ನಲ್‌ನಲ್ಲಿ ಒಂದು ನಿಟ್ಟುಸಿರು

ಸಿಲ್ಕ್ ಬೋರ್ಡ್ ಜಂಕ್ಷನ್. ಕೆಂಪು ದೀಪ ಇನ್ನೂ ಆರಿಲ್ಲ, ಹಿಂದಿನ ಕ್ಯಾಬ್‌ನವನು ಆಗಲೇ ಹಾರ್ನ್ ಮೇಲೆ ಕೈಯಿಟ್ಟು ಕೂತಿದ್ದಾನೆ. ಬೆಳಿಗ್ಗೆ ಓದಿದ ಪುಸ್ತಕ ಹೇಳಿತ್ತು, ಶಾಂತವಾಗಿರಿ ಅಂತ. ಇರೋದು ಹೇಗೆ ಅಂತ ಮಾತ್ರ ಹೇಳಿರಲಿಲ್ಲ!

ಎದೆಬಡಿತಕ್ಕೆ 'ನಿಧಾನ ಆಗು' ಅಂದ್ರೆ ಅದು ಕೇಳಲ್ಲ. ಉಸಿರು ಕೇಳುತ್ತೆ. ಒಳಗೆ ಎಳೆದುಕೊಂಡಾಗ ಹೃದಯ ಕೊಂಚ ಬೇಗ ಬಡಿಯುತ್ತೆ, ಹೊರಗೆ ಬಿಡುವಾಗ ನಿಧಾನ ಆಗುತ್ತೆ. ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಹಾಕೋ ಬ್ರೇಕ್ ಅದು. ನಂಬಿಕೆ ಇಲ್ವಾ? ಬಿಡುವಿದ್ದಾಗ ಮಣಿಕಟ್ಟಿನ ನಾಡಿ ಹಿಡಿದು, ಉದ್ದಕ್ಕೆ ಉಸಿರು ಬಿಟ್ಟು ನೋಡಿ.

2023ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕೆ ಸ್ಟ್ಯಾನ್‌ಫರ್ಡ್ ಸಂಶೋಧಕರು ದಿನಕ್ಕೆ 5 ನಿಮಿಷದಂತೆ ಒಂದು ತಿಂಗಳು ಜನರಿಂದ ಬೇರೆ ಬೇರೆ ಬಗೆಯ ಉಸಿರಾಟ ಮಾಡಿಸಿದರು. ಮನಸ್ಸಿಗೆ ಹೆಚ್ಚು ಉಲ್ಲಾಸ ತಂದದ್ದು ಯಾವುದು ಗೊತ್ತಾ? ನಿಟ್ಟುಸಿರು. ಮೂಗಿನಿಂದ ಒಂದು ದೊಡ್ಡ ಉಸಿರು, ಅದರ ಮೇಲೇ ಇನ್ನೊಂದು ಚಿಕ್ಕದು, ಆಮೇಲೆ ಬಾಯಿಂದ ನಿಧಾನವಾಗಿ, ಪೂರ್ತಿ ಖಾಲಿ ಆಗೋವರೆಗೂ ಬಿಡೋದು. ಆ ಚಿಕ್ಕ ಎರಡನೇ ಉಸಿರು, ಶ್ವಾಸಕೋಶದಲ್ಲಿ ಮುದುಡಿ ಕೂತ ಗಾಳಿಚೀಲಗಳನ್ನು ಬಿಚ್ಚುತ್ತೆ. ಮನೇಲಿ ಮಾಡೋರು ಮೊದಲೇ ಹೇಳಿಬಿಡಿ, ಇಲ್ಲಾಂದ್ರೆ ಅಮ್ಮ 'ಯಾಕೋ, ಏನಾಯ್ತೋ?' ಅಂತ ಗಾಬರಿ ಬೀಳ್ತಾರೆ. ತಲೆ ಸುತ್ತಿದರೆ ನಿಲ್ಲಿಸಿ.

ಬೆಳಗಿನ ಜಾವ 5ಕ್ಕೆ ಏಳಿ, ಡೈರಿ ಬರೀರಿ, ತಣ್ಣೀರು ಸುರ್ಕೊಳ್ಳಿ ಅನ್ನೋ ಪಟ್ಟಿಗಳಿಗಿಂತ ನನಗೆ ಇದೇ ವಾಸಿ. ಕಾಸು ಬೇಡ, ಚಾಪೆ ಬೇಡ. ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪ ಕೆಣಕಿದಾಗ, ಸೆಂಡ್ ಒತ್ತೋ ಮೊದಲು ಮೂರು ಸಲ ಮಾಡಿ.

ಸಿಟ್ಟಿನ ಕಾವೇನೋ ಇಳಿಯುತ್ತೆ. ಆದರೆ ಜಗಳ ನಿಜವಾಗಿ ಊರಿನ ತೋಟದ ಪಾಲಿನದ್ದಾದರೆ, ಭಾನುವಾರ ಚಿಕ್ಕಪ್ಪನಿಗೆ ಫೋನ್ ಮಾಡಿಯೇ ಮಾತಾಡಿ.