ರೈತ ಕುಟುಂಬದ ಊಟ: ಮುದ್ದೆ ಕಿರಿದಾಗಲಿ, ಸಾರು ಗಟ್ಟಿಯಾಗಲಿ

“ಊಟ ಬಲ್ಲವನಿಗೆ ರೋಗವಿಲ್ಲ” ಎಂಬ ಗಾದೆಯನ್ನು ಕೇಳದ ಮನೆ ಹಳ್ಳಿಯಲ್ಲಿಲ್ಲ. ಇಲ್ಲಿ ಬಲ್ಲವನೆಂದರೆ ರುಚಿ ಬಲ್ಲವನಲ್ಲ. ತನ್ನ ದುಡಿಮೆಗೆ ಯಾವುದು, ಎಷ್ಟು ಬೇಕೆಂಬ ಅಳತೆ ಬಲ್ಲವನು. ಪೈರಿನ ವಿಷಯದಲ್ಲಿ ರೈತನಿಗೆ ಈ ಅಳತೆ ಚೆನ್ನಾಗಿ ಗೊತ್ತು. ಯೂರಿಯಾ ಒಂದನ್ನೇ ಹೆಚ್ಚಾಗಿ ಕೊಟ್ಟ ಪೈರು ಕಣ್ಣಿಗೆ ಹಸಿರಾಗಿ ಕಂಡರೂ ನೆಲಕ್ಕೆ ಒರಗುತ್ತದೆ, ರೋಗಕ್ಕೂ ಬೇಗ ತುತ್ತಾಗುತ್ತದೆ. ಬರಿ ಹಿಟ್ಟು, ಅಕ್ಕಿಗಳಿಂದಲೇ ಹೊಟ್ಟೆ ತುಂಬಿಸಿಕೊಳ್ಳುವ ದೇಹದ ಸ್ಥಿತಿಯೂ ಹೆಚ್ಚುಕಡಿಮೆ ಇದೇ.

ಸಕ್ಕರೆ ಕಾಯಿಲೆ ಪೇಟೆಯವರ ರೋಗವೆಂಬ ನಂಬಿಕೆ ಈಗ ಉಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಈ ಕಾಯಿಲೆ ಇದೆ. ಗ್ರಾಮೀಣ ವಯಸ್ಕರಲ್ಲಿಯೂ ಇದರ ಪ್ರಮಾಣ ಶೇ. 9ಕ್ಕೆ ಸಮೀಪವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕ ಸ್ತ್ರೀ ಪುರುಷರಲ್ಲಿ ಶೇ. 30ರಷ್ಟು ಮಂದಿಯ ತೂಕ ಮಿತಿಗಿಂತ ಹೆಚ್ಚಾಗಿತ್ತು. ಅದೇ ಸಮೀಕ್ಷೆಯಲ್ಲಿ ಸ್ತ್ರೀಯರಲ್ಲಿ ಶೇ. 48ರಷ್ಟು ಮಂದಿಗೆ ರಕ್ತಹೀನತೆಯೂ ಕಂಡುಬಂತು. ಹೊಟ್ಟೆ ತುಂಬಿದೆ, ಪೋಷಣೆ ದೊರೆತಿಲ್ಲ ಎಂಬುದೇ ಇದರ ಅರ್ಥ.

ದುಡಿಮೆ ಇಳಿಯಿತು, ಊಟ ಇಳಿಯಲಿಲ್ಲ

ಮರದ ನೇಗಿಲಿನಿಂದ ಆರು ಅಂಗುಲಕ್ಕೊಂದು ಸಾಲಿನಂತೆ ಒಂದು ಎಕರೆ ಉಳಬೇಕಾದರೆ ಎತ್ತಿನ ಹಿಂದೆ ಸುಮಾರು 27 ಕಿಲೊಮೀಟರು ನಡೆಯಬೇಕಾಗುತ್ತದೆ. ಇದರ ಮೇಲೆ ಕಪಿಲೆ ಹೊಡೆಯುವುದು, ಕಣ ಮಾಡುವುದು, ರಾಗಿ ಬೀಸುವುದು ಇತ್ತು. ಅಂದು ಹೊತ್ತಿಗೆ ಎರಡು ದೊಡ್ಡ ಮುದ್ದೆ ಉಂಡವನು ಸಂಜೆಯೊಳಗೆ ಅದನ್ನು ಕರಗಿಸುತ್ತಿದ್ದನು. ಇಂದು ಉಳುಮೆಗೆ ಟ್ರ್ಯಾಕ್ಟರು, ನೀರಿಗೆ ಪಂಪು, ಹಿಟ್ಟಿಗೆ ಗಿರಣಿ, ತೋಟಕ್ಕೆ ಹೋಗಲು ಮೋಟಾರು ಸೈಕಲ್ಲು ಬಂದಿವೆ. ಇವು ಬಂದದ್ದು ಒಳ್ಳೆಯದೇ. ಆದರೆ ಉಳಿದ ಶ್ರಮದ ಲೆಕ್ಕವನ್ನು ಊಟದಲ್ಲಿ ಕಳೆಯಬೇಕಾಗಿದೆ.

ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಗೊತ್ತುಪಡಿಸಿದಂತೆ, 65 ಕಿಲೊ ತೂಕದ ಗಂಡಸು ಕಠಿಣ ದುಡಿಮೆ ಮಾಡಿದರೆ ದಿನಕ್ಕೆ ಸುಮಾರು 3470 ಕ್ಯಾಲೊರಿ ಶಕ್ತಿ ಬೇಕು. ಮಧ್ಯಮ ದುಡಿಮೆಗೆ 2710, ಕುಳಿತು ಮಾಡುವ ಕೆಲಸಕ್ಕೆ 2110 ಕ್ಯಾಲೊರಿ ಸಾಕು. ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ಅಂತರ 1360 ಕ್ಯಾಲೊರಿ. ಅಂದರೆ ಸುಮಾರು 425 ಗ್ರಾಂ ರಾಗಿಹಿಟ್ಟಿನಲ್ಲಿರುವ ಶಕ್ತಿ. ಖರ್ಚಾಗದೆ ಉಳಿದ ಶಕ್ತಿ ಕೊಬ್ಬಾಗಿ ಮೊದಲು ಹೊಟ್ಟೆಯ ಸುತ್ತ ಸೇರಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಹೃದ್ರೋಗಗಳಿಗೆ ದಾರಿಯಾಗುವುದು ಈ ಕೊಬ್ಬೇ.

ರಾಗಿ ಔಷಧಿಯಲ್ಲ, ಒಳ್ಳೆಯ ಆಹಾರ

ಅಕ್ಕಿ ಬಿಟ್ಟು ರಾಗಿ ತಿಂದರೆ ಸಾಕು, ತೂಕ ತಾನಾಗಿಯೇ ಇಳಿಯುತ್ತದೆಂಬ ಮಾತು ಹರಡಿದೆ. ಇದು ಅರ್ಧ ಸತ್ಯ. ಹೈದರಾಬಾದಿನ ಈ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ಆಹಾರದಲ್ಲಿರುವ ಅಂಶಗಳು ಸುಮಾರಾಗಿ ಹೀಗಿವೆ:

ಬಿಳಿ ಅಕ್ಕಿ – ಶಕ್ತಿ 356 ಕ್ಯಾಲೊರಿ, ಸಸಾರಜನಕ 8 ಗ್ರಾಂ, ನಾರು 3 ಗ್ರಾಂ, ಸುಣ್ಣ 7 ಮಿ.ಗ್ರಾಂ.
ರಾಗಿ – ಶಕ್ತಿ 321 ಕ್ಯಾಲೊರಿ, ಸಸಾರಜನಕ 7 ಗ್ರಾಂ, ನಾರು 11 ಗ್ರಾಂ, ಸುಣ್ಣ 364 ಮಿ.ಗ್ರಾಂ.
ಜೋಳ – ಶಕ್ತಿ 334 ಕ್ಯಾಲೊರಿ, ಸಸಾರಜನಕ 10 ಗ್ರಾಂ, ನಾರು 10 ಗ್ರಾಂ, ಸುಣ್ಣ 28 ಮಿ.ಗ್ರಾಂ.
ಹುರುಳಿ – ಶಕ್ತಿ 330 ಕ್ಯಾಲೊರಿ, ಸಸಾರಜನಕ 22 ಗ್ರಾಂ, ನಾರು 8 ಗ್ರಾಂ, ಸುಣ್ಣ 269 ಮಿ.ಗ್ರಾಂ.
ನುಗ್ಗೆ ಸೊಪ್ಪು – ಶಕ್ತಿ 67 ಕ್ಯಾಲೊರಿ, ಸಸಾರಜನಕ 6 ಗ್ರಾಂ, ನಾರು 8 ಗ್ರಾಂ, ಸುಣ್ಣ 314 ಮಿ.ಗ್ರಾಂ.

ರಾಗಿಯಲ್ಲಿ ನಾರು ಮತ್ತು ಸುಣ್ಣ ಹೇರಳವಾಗಿವೆ ಎಂಬುದು ನಿಜ. ಆದರೆ ಶಕ್ತಿಯ ಲೆಕ್ಕದಲ್ಲಿ ಅದು ಅಕ್ಕಿಗಿಂತ ತೀರ ಕಡಿಮೆಯೇನೂ ಅಲ್ಲ. ನಯವಾಗಿ ಬೀಸಿ ಜರಡಿ ಹಿಡಿದ ಹಿಟ್ಟಿನ ದೊಡ್ಡ ಮುದ್ದೆ ರಕ್ತದ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ಅದಲ್ಲದೆ ಮುದ್ದೆಯನ್ನು ಅಗಿಯದೆ ನುಂಗುವುದು ವಾಡಿಕೆ. ಎಷ್ಟು ಒಳಗೆ ಹೋಯಿತೆಂಬುದು ತಿಳಿಯುವುದಿಲ್ಲ. ಆದ್ದರಿಂದ ಧಾನ್ಯವನ್ನು ಬದಲಾಯಿಸಿದರೆ ಸಾಲದು, ಅದರ ಪ್ರಮಾಣವನ್ನು ತಗ್ಗಿಸಬೇಕು. ತಗ್ಗಿಸಿದ ಜಾಗವನ್ನು ಕಾಳು, ಸೊಪ್ಪು, ತರಕಾರಿಗಳಿಂದ ತುಂಬಬೇಕು.

ದಿನಕ್ಕೆ ಸುಮಾರು 2000 ಕ್ಯಾಲೊರಿ ಬೇಕಾಗುವ ವ್ಯಕ್ತಿಗೆ ಇದೇ ಸಂಸ್ಥೆ ಸೂಚಿಸಿರುವ ಆಹಾರ ಇಂತಿದೆ: ಧಾನ್ಯಗಳು 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿ ಲೀಟರು, ಶೇಂಗಾ ಎಳ್ಳಿನಂತಹ ಬೀಜಗಳು 35 ಗ್ರಾಂ, ಎಣ್ಣೆ 27 ಗ್ರಾಂ. ಹಳ್ಳಿಯ ಊಟದಲ್ಲಿ ಧಾನ್ಯ ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಕಾಳು ಮತ್ತು ಸೊಪ್ಪು ಹಿಂದೆ ಬೀಳುತ್ತವೆ.

ಹೊಲದ ಅಕ್ಕಡಿ, ತಟ್ಟೆಯ ಅಕ್ಕಡಿ

ಹಳೆಯ ಮೈಸೂರು ಸೀಮೆಯ ರಾಗಿ ಹೊಲದಲ್ಲಿ ಅಕ್ಕಡಿ ಸಾಲುಗಳಿರುತ್ತಿದ್ದವು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ ಎಲ್ಲವೂ ರಾಗಿಯ ಜೊತೆಯಲ್ಲಿಯೇ ಬೆಳೆದು, ಜೊತೆಯಲ್ಲಿಯೇ ಅಡಿಗೆಮನೆ ಸೇರುತ್ತಿದ್ದವು. ಧಾನ್ಯದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕೊರತೆ; ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆಯಿರುವ ಮೆಥಿಯೋನಿನ್ ಧಾನ್ಯದಲ್ಲಿದೆ. ಎರಡೂ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ನೀಗುತ್ತದೆ. ಬಯಲುಸೀಮೆಯ ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಗುರೆಳ್ಳು ಚಟ್ನಿಗಳ ಊಟದಲ್ಲಿಯೂ ಇದೇ ಹೊಂದಾಣಿಕೆ ಇದೆ.

ಯಂತ್ರದ ಕೊಯ್ಲಿಗೆ ತೊಡಕೆಂದು ಅಕ್ಕಡಿ ಸಾಲುಗಳು ಅನೇಕ ಕಡೆ ಮಾಯವಾದವು. ಕಳೆನಾಶಕ ಬಿದ್ದ ಹೊಲದಲ್ಲಿ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪುಗಳೂ ಉಳಿಯಲಿಲ್ಲ. ಹೊಲದಿಂದ ಹೋದದ್ದು ತಟ್ಟೆಯಿಂದಲೂ ಹೋಯಿತು. ರಾಗಿಯೊಂದಿಗೆ ತೊಗರಿಯನ್ನು 8:2ರ ಸಾಲಿನಲ್ಲಿ ಅಥವಾ ಅವರೆಯನ್ನು 8:1ರ ಸಾಲಿನಲ್ಲಿ ಹಾಕುವ ಪದ್ಧತಿ ಇಂದಿಗೂ ಉಪಯುಕ್ತ. ಕಾಳು ಬೆಳೆಯ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದ ಭೂಮಿಗೂ ಇದು ಲಾಭವೇ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ತಲೆಗೆ 85 ಗ್ರಾಮಿನಂತೆ ನಾಲ್ಕು ಜನರ ಮನೆಗೆ ವರ್ಷಕ್ಕೆ ಸುಮಾರು 125 ಕಿಲೊ ಬೇಳೆಕಾಳು ಬೇಕು. ಸುಗ್ಗಿಯಲ್ಲಿ ತೊಗರಿ, ಹುರುಳಿಗಳನ್ನೆಲ್ಲ ಮಾರಿ, ಮಳೆಗಾಲದಲ್ಲಿ ಅಂಗಡಿಯಿಂದ ಅರ್ಧ ಕಿಲೊ ಬೇಳೆ ತಂದು ಸಾರನ್ನು ತೆಳ್ಳಗೆ ಮಾಡುವುದು ಅನೇಕ ಮನೆಗಳ ರೂಢಿ. ಬಿತ್ತನೆ ಬೀಜವನ್ನು ತೆಗೆದಿಡುವಂತೆಯೇ ಮನೆಯ ಪಾಲಿನ ಕಾಳನ್ನೂ ಮೊದಲು ತೆಗೆದಿಟ್ಟು, ಉಳಿದದ್ದನ್ನು ಮಾರಬೇಕು. ಡೇರಿಗೆ ಹಾಲು ಹಾಕುವಾಗಲೂ ಮನೆಯ ಪಾಲು ಮೊದಲು ಪಾತ್ರೆಗೆ ಬೀಳಬೇಕು.

ಸಾರು ಗಟ್ಟಿಯಾಗುವ ಬಗೆ

ಕಾಳು ಸೊಪ್ಪುಗಳನ್ನು ಬೇಯಿಸಿದ ನೀರನ್ನು ಚೆಲ್ಲಬಾರದು; ನೀರಿನಲ್ಲಿ ಕರಗುವ ಜೀವಸತ್ವಗಳೂ ಲವಣಗಳೂ ಅದರೊಂದಿಗೆ ಹೋಗುತ್ತವೆ. ಬಸ್ಸಾರು ಮಾಡುವ ಗೃಹಿಣಿ ಬಸಿದ ಕಟ್ಟಿನಿಂದ ಸಾರು, ಉಳಿದ ಕಾಳು ಸೊಪ್ಪಿನಿಂದ ಪಲ್ಯ ಮಾಡಿ ಯಾವುದನ್ನೂ ನಷ್ಟ ಮಾಡುವುದಿಲ್ಲ. ಹುರುಳಿ, ಹೆಸರು ಕಾಳುಗಳನ್ನು ನೆನೆಸಿ ಮೊಳಕೆ ಬರಿಸಿದರೆ ಸಿ ಜೀವಸತ್ವ ಉಂಟಾಗುತ್ತದೆ, ಕಬ್ಬಿಣದ ಅಂಶವೂ ಮೈಗೆ ಹೆಚ್ಚು ಹತ್ತುತ್ತದೆ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೂ ಇದೇ ಪ್ರಯೋಜನ. ಊಟದ ಜೊತೆಯಲ್ಲಿ ಚಹಾ ಕುಡಿದರೆ ಕಬ್ಬಿಣದ ಅಂಶ ಹತ್ತುವುದು ಕಡಿಮೆಯಾಗುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಬಿಡುವಿರಲಿ.

ಬಚ್ಚಲು ನೀರು ಹರಿಯುವ ಕಡೆ ಒಂದು ನುಗ್ಗೆ, ಒಂದು ಪಪ್ಪಾಯಿ, ಒಂದು ನಿಂಬೆ ಗಿಡ ಹಾಕಿ, ಎರಡು ಮಡಿಗಳಲ್ಲಿ ದಂಟು ಮತ್ತು ಮೆಂತ್ಯ ಸರದಿಯಂತೆ ಬಿತ್ತಿದರೆ ಸೊಪ್ಪಿಗೆ ಸಂತೆಯ ದಾರಿ ಕಾಯಬೇಕಾಗಿಲ್ಲ. ಕೀಟನಾಶಕ, ಕಳೆನಾಶಕ ಸಿಂಪಡಿಸಿದ ಹೊಲದ ಸೊಪ್ಪನ್ನು ಮಾತ್ರ ಕೀಳಬಾರದು.

ಸಕ್ಕರೆ, ಎಣ್ಣೆ, ಉಪ್ಪು

ದಿನಕ್ಕೆ ನಾಲ್ಕು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ 40 ಗ್ರಾಂ ಆಯಿತು. ಇರಬೇಕಾದ ಮಿತಿ 25 ಗ್ರಾಂ. ಬೆಲ್ಲ ಹಾಕಿದರೂ ಲೆಕ್ಕ ಬಹಳ ಬದಲಾಗದು. ನಾಲ್ಕು ವಯಸ್ಕರ ಮನೆಯಲ್ಲಿ ಎಣ್ಣೆಯ ಖರ್ಚು ತಿಂಗಳಿಗೆ ಮೂರೂವರೆ ಲೀಟರು ಮೀರಬಾರದು. ಉಪ್ಪು ತಲೆಗೆ ದಿನಕ್ಕೆ 5 ಗ್ರಾಂ ಸಾಕು. ಒಂದು ಕಿಲೊ ಉಪ್ಪಿನ ಪೊಟ್ಟಣ ಇಂತಹ ಮನೆಗೆ 50 ದಿನ ಬರಬೇಕು. ಬೇಗ ಮುಗಿದರೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಕಡೆ ಗಮನ ಹರಿಸಬೇಕು.

ಎಲ್ಲರಿಗೂ ಒಂದೇ ಅಳತೆ ಅಲ್ಲ

ಮುದ್ದೆ ಕಿರಿದಾಗಬೇಕೆಂಬ ಸಲಹೆ ಶ್ರಮ ಕಡಿಮೆಯಾಗಿ ತೂಕ ಏರಿದವರಿಗೆ ಮಾತ್ರ. ಬೆಳೆಯುವ ಮಕ್ಕಳು, ಬಸುರಿ ಬಾಣಂತಿಯರು, ದಿನವಿಡೀ ಕಳೆ ಕೀಳುವ, ನಾಟಿ ಹಾಕುವ ಕೂಲಿಗಾರರು ಊಟ ತಗ್ಗಿಸಬಾರದು. ಆದರೆ ಗಟ್ಟಿ ಸಾರು ಅವರಿಗೂ ಬೇಕು. ಎಲ್ಲರೂ ಉಂಡ ಮೇಲೆ ತಳದ ತಿಳಿಸಾರಿನಲ್ಲಿ ಉಣ್ಣುವ ಗೃಹಿಣಿಗೇ ರಕ್ತಹೀನತೆ ಬರುವುದು ಆಶ್ಚರ್ಯವಲ್ಲ. ಆಕೆಯ ಪಾಲಿನ ಕಾಳು ಪಲ್ಯವನ್ನು ಮೊದಲೇ ತೆಗೆದಿಡುವುದು ಮನೆಯವರೆಲ್ಲರ ಹೊಣೆ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ಮತ್ತು ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಊಟ ಬದಲಾಯಿಸಬೇಕು. ತಮ್ಮಷ್ಟಕ್ಕೆ ಔಷಧಿ ನಿಲ್ಲಿಸುವುದು ಅಪಾಯ.

ಎಷ್ಟು ತಗ್ಗಿಸಬೇಕೆಂದು ತಿಳಿಯಲು ಒಂದು ಅಳತೆ ಟೇಪು ಸಾಕು. ಹೊಕ್ಕುಳ ಮಟ್ಟದ ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರು, ಹೆಂಗಸರಲ್ಲಿ 80 ಸೆಂಟಿಮೀಟರು ದಾಟಿದ್ದರೆ ಎಚ್ಚರಗೊಳ್ಳಬೇಕು. ಮೊದಲ ತಿಂಗಳು ಮುದ್ದೆ ಅಥವಾ ಅನ್ನದಲ್ಲಿ ಕಾಲು ಭಾಗ ತೆಗೆದು, ಅಷ್ಟೇ ಜಾಗಕ್ಕೆ ಪಲ್ಯ ಬಡಿಸಿ, ಪಲ್ಯವನ್ನು ಮೊದಲು ಉಣ್ಣಬೇಕು. ತಿಂಗಳಿಗೊಮ್ಮೆ ಸುತ್ತಳತೆ ನೋಡಬೇಕು. ತೋಟ ಹತ್ತಿರವಿದ್ದರೆ ಮೋಟಾರು ಸೈಕಲ್ಲನ್ನು ಮನೆಯಲ್ಲಿಯೇ ಬಿಟ್ಟು ನಡೆದು ಹೋಗಬೇಕು.

ಮುಂಗಾರಿಗೆ ಬೀಜ ಹೊಂದಿಸುವಾಗ ರಾಗಿಯ ಜೊತೆಗೆ ಒಂದೆರಡು ಸೇರು ಅವರೆ, ತೊಗರಿಯನ್ನೂ ಅಳೆದಿಟ್ಟುಕೊಂಡ ರೈತ ತನ್ನ ಮನೆಯ ಆರೋಗ್ಯಕ್ಕೆ ಬೇಕಾದುದನ್ನು ಹೊಲದಲ್ಲಿಯೇ ಬಿತ್ತಿದಂತೆ.