ಮುಚ್ಚಿದ ಬಾಗಿಲಿನ ಮುಂದೆ

ಕಾಯುವುದೂ ಒಂದು ವಿದ್ಯೆ. ಅದು ನನಗೆ ಒಲಿದಿಲ್ಲ. ಹೊನ್ನಾಳಿಯಿಂದ ದಾವಣಗೆರೆಯ ಆಸ್ಪತ್ರೆಯವರೆಗೂ ತಾಯಿಯೇ ನನಗೆ ಧೈರ್ಯ ಹೇಳಿದ್ದಳು. ಈಗ ಆಕೆ ಶಸ್ತ್ರಚಿಕಿತ್ಸೆಯ ಬಾಗಿಲಿನೊಳಗೆ. ನನ್ನ ಕೈಯಲ್ಲಿ ಆಕೆಯ ಬಳೆಗಳು.

ಬೆಂಚಿನ ಮೇಲೆ ಚನ್ನಗಿರಿಯ ಅಡಕೆ ಬೆಳೆಗಾರ, ನ್ಯಾಮತಿಯ ಹೆಣ್ಣುಮಗಳು, ತಂದೆಯನ್ನು ಒಳಗೆ ಕಳುಹಿಸಿದ್ದ ಜಗಳೂರಿನ ರೈತ. ಮಳೆಗಾಗಿ ಕಾದು ಪಳಗಿದ ಸೀಮೆಯವನಿಗೆ ತಾಳ್ಮೆ ಸಹಜವೆಂದು ಬಗೆದಿದ್ದೆ. ಆದರೆ ಮತ್ತೆ ಮತ್ತೆ ಎದ್ದು ಬಾಗಿಲಿಗೆ ಕಿವಿಗೊಟ್ಟವನು ಅವನೇ. “ಏನೂ ಕೇಳಿಸುವುದಿಲ್ಲವಲ್ಲ, ಸ್ವಾಮಿ!” ಎಂದ.

ನನಗೆ ಎಂದೋ ಓದಿದ್ದೊಂದು ನೆನಪಾಯಿತು. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಮಾರ್ಟನ್ ಎಂಬ ದಂತವೈದ್ಯ ಈಥರ್ ಆವಿಯಿಂದ ರೋಗಿಯ ನೋವನ್ನು ಮರೆಸಿ, ನೆರೆದ ವೈದ್ಯರೆದುರು ಶಸ್ತ್ರಕ್ರಿಯೆಗೆ ಅನುವು ಮಾಡಿಕೊಟ್ಟ. ಅದಕ್ಕೆ ಮೊದಲು ಹೊರಗೆ ಕಾದವರು ಕೇಳುತ್ತಿದ್ದುದು ತಮ್ಮವರ ಚೀತ್ಕಾರವನ್ನು. ಹೊರಗಿನ ನಮ್ಮನ್ನು ಹೆದರಿಸುವ ಈ ಮೌನವೇ ಒಳಗಿನವರಿಗೆ ದೊರೆತ ವರ.

ಇದನ್ನು ಹೇಳಿದೆ. ಅವನು ಪಕ್ಕದಲ್ಲಿ ಬಂದು ಕುಳಿತ. ಇಬ್ಬರೂ ಆ ಮೌನವನ್ನೇ ಆಲಿಸಿದೆವು.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆದು ದಾದಿ ನನ್ನ ತಾಯಿಯ ಹೆಸರು ಹೇಳಿ, “ಎಚ್ಚರವಾಗಿದೆ” ಎಂದಾಗ, ನನಗಿಂತ ಮೊದಲು ಎದ್ದು ನಿಂತು ಕೈಮುಗಿದವನು ಆತ.